ಮಗ ಮಾತಾಡ್ತಿಲ್ವಾ? ಒಮ್ಮೆ ‘ಕೆಸ್’ ನೋಡಿ

ಮನೆಯಲ್ಲಿ ಅಣ್ಣನ ಹೊಡೆತ, ಶಾಲೆಯಲ್ಲಿ ಹೆಡ್‌ಮಾಸ್ಟರ ಬೆತ್ತ, ಮೈದಾನದಲ್ಲಿ ಹುಡುಗರ ಗೇಲಿ. ಇಷ್ಟರ ನಡುವೆ ಒಂದು ಹಕ್ಕಿಯನ್ನು ಪಳಗಿಸಿದ ಹುಡುಗನ ಕಥೆ ನಮ್ಮಂಥ ಅಮ್ಮಂದಿರಿಗೆ ಏನು ಹೇಳುತ್ತದೆ?

ಸಂಜೆ ಮಗ ಸ್ಕೂಲಿನಿಂದ ಬರುತ್ತಾನೆ. ಶೂ ಒಂದು ಮೂಲೆಗೆ, ಬ್ಯಾಗು ಇನ್ನೊಂದು ಮೂಲೆಗೆ. ಆಗ ನೀವು ಕೇಳುವ ಮೊದಲ ಪ್ರಶ್ನೆ ಯಾವುದು ಹೇಳಿ ನೋಡೋಣ? ‘ಡಬ್ಬಿ ಖಾಲಿ ಮಾಡಿದ್ಯಾ?’ ಎರಡನೆಯದು, ‘ಹೋಂವರ್ಕ್ ಎಷ್ಟು ಕೊಟ್ಟಿದ್ದಾರೆ?’ ಮೂರನೆಯದು, ‘ಟೆಸ್ಟ್ ಪೇಪರ್ ಬಂತಾ?’ ಮೂರಕ್ಕೂ ‘ಹೂಂ’, ‘ಉಹೂಂ’ ಅಂದರೆ ಮುಗಿಯಿತು. ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಫೋನ್ ಬರುತ್ತದೆ, ಮಗ ಟಿವಿ ಮುಂದೆ ಕೂರುತ್ತಾನೆ. ಇವತ್ತು ಅವನ ಪಕ್ಕದಲ್ಲಿ ಯಾರು ಕೂತಿದ್ದರು, ಯಾರು ಕೂರಲಿಲ್ಲ, ಆಟದ ಪೀರಿಯಡ್ಡಿನಲ್ಲಿ ಅವನನ್ನು ತಂಡಕ್ಕೆ ಸೇರಿಸಿಕೊಂಡರಾ, ವ್ಯಾನಿನಲ್ಲಿ ದೊಡ್ಡ ಹುಡುಗರು ಏನಂದರು... ಇದ್ಯಾವುದೂ ನಮಗೆ ಗೊತ್ತಾಗುವುದೇ ಇಲ್ಲ.

ಗೊತ್ತಾಗದೇ ಹೋದರೆ ಏನಾಗಬಹುದು? ಅದನ್ನು ಉಪದೇಶ ಮಾಡದೆ, ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ ಒಂದು ಸಿನಿಮಾ ಇದೆ. ಹೆಸರು ‘ಕೆಸ್’. ಬ್ರಿಟಿಷ್ ನಿರ್ದೇಶಕ ಕೆನ್ ಲೋಚ್ 1969ರಲ್ಲಿ ಮಾಡಿದ್ದು. ಅರ್ಧ ಶತಮಾನ ದಾಟಿದರೂ ಮಕ್ಕಳಿರುವ ಮನೆಯವರೆಲ್ಲ ಒಮ್ಮೆ ಕೂತು ನೋಡಬೇಕಾದ ಚಿತ್ರ. ‘ಅಯ್ಯೋ, ಅಷ್ಟು ಹಳೇ ಇಂಗ್ಲಿಷ್ ಸಿನಿಮಾನಾ?’ ಅಂತ ಪುಟ ತಿರುಗಿಸಬೇಡಿ. ಅಲ್ಲಿನ ಹುಡುಗ ಬಿಲ್ಲಿಯ ಊರು ಬೇರೆ, ಭಾಷೆ ಬೇರೆ, ಬಡತನ ಬೇರೆ. ಆದರೆ ಅವನ ಮೌನ ಮಾತ್ರ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಲ್ಲೂ ಕಾಣುವಂಥದ್ದೇ.

ಯಾರು ಈ ಬಿಲ್ಲಿ?

ಇಂಗ್ಲೆಂಡಿನ ಉತ್ತರದಲ್ಲಿ, ಯಾರ್ಕ್‌ಷೈರ್ ಸೀಮೆಯಲ್ಲಿ ಬಾರ್ನ್ಸ್‌ಲಿ ಅಂತ ಒಂದು ಊರು. ಆಗ ಅದು ಕಲ್ಲಿದ್ದಲು ಗಣಿಗಳ ಊರು. ಬಿಲ್ಲಿ ಕ್ಯಾಸ್ಪರ್‌ಗೆ ಹದಿನೈದರ ಆಸುಪಾಸು, ನೋಡಲು ಹತ್ತು ಹನ್ನೆರಡರ ಹುಡುಗನ ಥರ ಪೀಚು. ಅಪ್ಪ ಮನೆ ಬಿಟ್ಟು ಹೋಗಿದ್ದಾನೆ. ಅಮ್ಮ ತನ್ನದೇ ತಾಪತ್ರಯದಲ್ಲಿ ಮುಳುಗಿದ್ದಾಳೆ. ಅಣ್ಣ ಜಡ್ ಗಣಿ ಕೆಲಸಗಾರ. ಅಣ್ಣ ತಮ್ಮಂದಿರಿಗೆ ಮಲಗಲು ಇರುವುದು ಒಂದೇ ಹಾಸಿಗೆ. ಬೆಳಗಿನ ಜಾವ ಎದ್ದು ಮನೆ ಮನೆಗೆ ಪೇಪರ್ ಹಾಕಿ ಬಿಲ್ಲಿ ಸ್ಕೂಲಿಗೆ ಹೋಗಬೇಕು. ಇದ್ದ ಒಂದು ಸೈಕಲ್ಲನ್ನೂ ಅಣ್ಣ ಹೇಳದೆ ಕೇಳದೆ ತೆಗೆದುಕೊಂಡು ಹೋಗಿರುತ್ತಾನೆ. ಹೊಟ್ಟೆ ಹಸಿದಾಗ ಹಾಲಿನ ಗಾಡಿಯಿಂದ ಕದ್ದು ಕುಡಿಯುವುದೂ ಹುಡುಗನಿಗೆ ಅಭ್ಯಾಸ. ಹಾಗಾಗಿ ಇವನು ‘ಒಳ್ಳೆ ಹುಡುಗ’ ಅಂತ ಕರೆಸಿಕೊಳ್ಳುವ ಪೈಕಿ ಅಲ್ಲವೇ ಅಲ್ಲ. ಸುಳ್ಳು ಹೇಳುತ್ತಾನೆ, ಕದಿಯುತ್ತಾನೆ, ಕ್ಲಾಸಿನಲ್ಲಿ ಗಮನ ಕೊಡುವುದಿಲ್ಲ.

ಒಂದು ದಿನ ಊರಾಚೆಯ ಹಳೇ ಗೋಡೆಯೊಂದರಲ್ಲಿ ಗಿಡುಗದ ಗೂಡು ಅವನ ಕಣ್ಣಿಗೆ ಬೀಳುತ್ತದೆ. ಕೆಸ್ಟ್ರೆಲ್ ಅನ್ನುವ ಪುಟ್ಟ ಜಾತಿಯ ಗಿಡುಗ. ಗಾಳಿಗೆ ಎದುರಾಗಿ ರೆಕ್ಕೆ ಬಡಿಯುತ್ತಾ ಆಕಾಶದಲ್ಲಿ ಒಂದೇ ಕಡೆ ನೇತು ಹಾಕಿದ ಹಾಗೆ ನಿಲ್ಲುತ್ತದಲ್ಲ, ಅದೇ. ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಬಯಲುಗಳಿಗೂ ವಲಸೆ ಬರುವ ಹಕ್ಕಿ ಇದು. ಅದನ್ನು ಸಾಕುವುದು ಹೇಗೆ ಅಂತ ತಿಳಿಯಲು ಬಿಲ್ಲಿ ಲೈಬ್ರರಿಗೆ ಹೋಗುತ್ತಾನೆ. ಮೆಂಬರ್ ಅಲ್ಲ, ದೊಡ್ಡವರ ಸಹಿ ಬೇಕು ಅಂತ ಅಲ್ಲಿ ವಾಪಸ್ ಕಳಿಸುತ್ತಾರೆ. ಸಹಿ ಹಾಕಿಸಿಕೊಂಡು ಬರಲು ಮನೆಯಲ್ಲಿ ಯಾರಿದ್ದಾರೆ? ಕೊನೆಗೆ ಅಂಗಡಿಯೊಂದರಿಂದ ಗಿಡುಗ ಪಳಗಿಸುವ ಪುಸ್ತಕವನ್ನು ಕದ್ದು ತರುತ್ತಾನೆ. ಕ್ಲಾಸಿನ ಪುಸ್ತಕ ಬಿಡಿಸಿ ನೋಡದ ಹುಡುಗ ಅದನ್ನು ಸಾಲು ಸಾಲಾಗಿ ಓದುತ್ತಾನೆ. ಮರಿಯನ್ನು ತಂದು ಶೆಡ್ಡಿನಲ್ಲಿ ಇಟ್ಟು, ಕೈಗೆ ಗ್ಲೌಸ್ ಹಾಕಿ, ಮಾಂಸದ ಚೂರು ತೋರಿಸಿ ಕರೆದು, ಮೊದಲು ಉದ್ದನೆ ದಾರ ಕಟ್ಟಿ ಹಾರಿಸಿ, ಆಮೇಲೆ ದಾರ ಬಿಚ್ಚಿ ಹಾರಿಸುತ್ತಾನೆ. ಕರೆದಾಗ ಅದು ಬಂದು ಅವನ ಕೈ ಮೇಲೆ ಕೂರುತ್ತದೆ. ಅದಕ್ಕೆ ಅವನಿಟ್ಟ ಹೆಸರೇ ಕೆಸ್.

ಇಡೀ ಊರಿನಲ್ಲಿ ಬಿಲ್ಲಿ ಕರೆದರೆ ಬರುವ ಜೀವ ಅಂತ ಇದ್ದರೆ ಅದೊಂದೇ!

ಒಂದೇ ದಿನದಲ್ಲಿ ಎಷ್ಟೊಂದು ಏಟು

ಚಿತ್ರದ ಬಹುಪಾಲು ನಡೆಯುವುದು ಒಂದೇ ಸ್ಕೂಲ್ ದಿನದಲ್ಲಿ. ಬೆಳಗಿನ ಪ್ರಾರ್ಥನೆ ಹೊತ್ತಿಗೆ ಬಿಲ್ಲಿಗೆ ನಿಂತಲ್ಲೇ ಜೊಂಪು. ಎಲ್ಲರೂ ಕೂತರೂ ಇವನೊಬ್ಬ ತಲೆ ತಗ್ಗಿಸಿ ನಿಂತೇ ಇರುತ್ತಾನೆ. ಬೆಳಕು ಹರಿಯುವ ಮುಂಚೆ ಎದ್ದು ಪೇಪರ್ ಹಾಕಿ ಬಂದ ಮಗು ಅಂತ ಯಾರೂ ಯೋಚಿಸುವುದಿಲ್ಲ. ಸೀದಾ ಹೆಡ್‌ಮಾಸ್ಟರ್ ರೂಮಿಗೆ. ಅಲ್ಲಿ ಸಿಗರೇಟ್ ಸೇದಿ ಸಿಕ್ಕಿಬಿದ್ದ ಹುಡುಗರ ಜತೆ ಸಾಲು. ಯಾರದೋ ಸಂದೇಶ ತಲುಪಿಸಲು ಬಂದ ಒಬ್ಬ ಪುಟಾಣಿಯೂ ಆ ಸಾಲಿನಲ್ಲಿ ಸಿಕ್ಕಿಕೊಂಡಿದ್ದಾನೆ. ‘ನಾನು ಬಂದಿದ್ದು ಬೇರೆ ಕೆಲಸಕ್ಕೆ’ ಅಂತ ಹೇಳಲು ಬಾಯಿ ತೆಗೆದರೆ ಹೆಡ್‌ಮಾಸ್ಟರ್‌ಗೆ ಕೇಳುವ ವ್ಯವಧಾನವಿಲ್ಲ. ಅವನಿಗೂ ಬೆತ್ತದೇಟು. ನೋಡುತ್ತಾ ನಗು ಬರುತ್ತದೆ, ಮರುಕ್ಷಣವೇ ಹೊಟ್ಟೆಯೊಳಗೆ ಏನೋ ಚುಚ್ಚಿದ ಹಾಗಾಗುತ್ತದೆ.

ಆಮೇಲೆ ಫುಟ್‌ಬಾಲ್. ಪಿ.ಟಿ. ಮೇಷ್ಟ್ರು ಸಗ್ಡನ್, ತಾನೇ ಮ್ಯಾಂಚೆಸ್ಟರ್ ಯುನೈಟೆಡ್‌ನ ಬಾಬಿ ಚಾರ್ಲ್‌ಟನ್ ಅಂದುಕೊಂಡು ಮಕ್ಕಳ ಜತೆ ಆಡಿ, ತಾನೇ ರೆಫರಿಯೂ ಆಗಿ ಗೆಲ್ಲಲು ನೋಡುವ ಆಸಾಮಿ. ಬಿಲ್ಲಿ ಹತ್ತಿರ ಆಟದ ಬಟ್ಟೆಯಿಲ್ಲ. ಎದೆವರೆಗೂ ಎಳೆದುಕೊಳ್ಳಬೇಕಾದಷ್ಟು ದೊಡ್ಡ ಚಡ್ಡಿ ಕೊಟ್ಟು ಗೋಲ್ ಕಾಯಲು ನಿಲ್ಲಿಸುತ್ತಾರೆ. ಎಲ್ಲರೂ ನಗುತ್ತಾರೆ. ಪಂದ್ಯ ಸೋತ ಸಿಟ್ಟಿಗೆ ಮೇಷ್ಟ್ರು ಆ ಹುಡುಗನನ್ನು ಸ್ನಾನದ ಮನೆಯಲ್ಲಿ ನಿಲ್ಲಿಸಿ ತಣ್ಣೀರು ಬಿಡುತ್ತಾರೆ. ಆ ದೃಶ್ಯ ನೋಡುವಾಗ ಎದ್ದು ಹೋಗಿ ಮಗುವಿಗೆ ಟವೆಲ್ ಸುತ್ತೋಣ ಅನ್ನಿಸದಿದ್ದರೆ ಕೇಳಿ.

ಒಂದು ವಿಷಯ ಗಮನಿಸಿ. ಬಿಲ್ಲಿಗೆ ಕಾಟ ಕೊಡುವವರಲ್ಲಿ ಯಾರೂ ಕೊಂಬು ಬಂದ ರಾಕ್ಷಸರಲ್ಲ. ಅಣ್ಣ ನೆಲದಡಿ ದುಡಿದು ಸುಸ್ತಾದವನು. ಅಮ್ಮ ಒಂಟಿಯಾಗಿ ಎರಡು ಗಂಡುಮಕ್ಕಳನ್ನು ಸಾಕುತ್ತಿರುವವಳು. ಹೆಡ್‌ಮಾಸ್ಟರಿಗೆ ಶಿಸ್ತಿನ ಚಿಂತೆ. ಒಬ್ಬೊಬ್ಬರಿಗೂ ಒಂದೊಂದು ಕಾರಣ ಇದೆ. ಆದರೆ ಎಲ್ಲರ ಕಾರಣಗಳೂ ಬಂದು ಬೀಳುವುದು ಒಂದೇ ಪುಟ್ಟ ಬೆನ್ನಿನ ಮೇಲೆ.

ಕೇಳಿಸಿಕೊಂಡ ಒಬ್ಬರೇ ಒಬ್ಬರು

ಇಂಗ್ಲಿಷ್ ಪಾಠದ ಫಾರ್ದಿಂಗ್ ಮೇಷ್ಟ್ರು ಕೂಡ ಮೊದಲು ಬಿಲ್ಲಿಯನ್ನು ಗದರಿಸುತ್ತಾರೆ. ‘ನಿಜ ಸಂಗತಿ’ ಮತ್ತು ‘ಕಲ್ಪನೆ’ ಅನ್ನುವ ವಿಷಯದ ಮೇಲೆ ಪಾಠ. ನಿನ್ನ ಜೀವನದಲ್ಲಿ ನಡೆದದ್ದು ಏನಾದರೂ ಹೇಳು ಅಂತ ಪಟ್ಟು ಹಿಡಿದಾಗ ಇವನ ಬಾಯಿಂದ ಮಾತೇ ಹೊರಡುವುದಿಲ್ಲ. ಅಷ್ಟರಲ್ಲಿ ಅವನ ಗಿಡುಗದ ಮಾತು ಬರುತ್ತದೆ. ಮೇಷ್ಟ್ರು ಕುತೂಹಲದಿಂದ ಅದರ ಬಗ್ಗೆ ಕೇಳುತ್ತಾರೆ. ಆಗ ನೋಡಿ, ಅದೇ ಹುಡುಗ! ಹಕ್ಕಿಯ ಕಾಲಿಗೆ ಕಟ್ಟುವ ಚರ್ಮದ ಪಟ್ಟಿಗೆ ಏನಂತಾರೆ, ಅದನ್ನು ಹೇಗೆ ಹಿಡಿಯಬೇಕು, ಮೊದಲ ಸಲ ದಾರ ಬಿಚ್ಚಿ ಹಾರಿಸಿದ ದಿನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು... ಕಪ್ಪುಹಲಗೆ ಮೇಲೆ ಆ ಹೊಸ ಪದವನ್ನು ಬರೆದು ಮೇಷ್ಟ್ರಿಗೇ ಪಾಠ ಹೇಳುತ್ತಾನೆ. ಗೇಲಿ ಮಾಡುತ್ತಿದ್ದ ಇಡೀ ಕ್ಲಾಸು ಬಾಯಿ ಬಿಟ್ಟು ಕೇಳುತ್ತದೆ.

ಆಮೇಲೆ ಆಟದ ಬಯಲಿನಲ್ಲಿ ದೊಡ್ಡ ಹುಡುಗನೊಬ್ಬ ಬಿಲ್ಲಿಯ ಮನೆಯವರ ಬಗ್ಗೆ ಕೀಟಲೆ ಮಾಡಿ ಜಗಳ ತೆಗೆದಾಗಲೂ ಬಿಡಿಸುವವರು ಇದೇ ಮೇಷ್ಟ್ರು. ‘ನೀನ್ಯಾಕೆ ಯಾವಾಗಲೂ ಗಲಾಟೆಯಲ್ಲೇ ಇರ್ತೀಯ?’ ಅಂತ ಕೇಳಿ, ಉತ್ತರ ಬರುವವರೆಗೂ ಕಾಯುತ್ತಾರೆ. ಊಟದ ಬಿಡುವಿನಲ್ಲಿ ಕಾರು ತೆಗೆದುಕೊಂಡು ಬಯಲಿಗೆ ಹೋಗಿ ಕೆಸ್ ಹಾರುವುದನ್ನು ನೋಡುತ್ತಾರೆ. ಅಷ್ಟೇ ಅವರು ಮಾಡಿದ್ದು. ಹಣ ಕೊಡಲಿಲ್ಲ, ಟ್ಯೂಷನ್ ಹೇಳಲಿಲ್ಲ. ಗಿಡುಗವನ್ನು ಸಾಕುಪ್ರಾಣಿ ಅಂದರೆ ಬಿಲ್ಲಿಗೆ ಇಷ್ಟವಾಗುವುದಿಲ್ಲ. ಅದು ಕಾಡುಹಕ್ಕಿಯೇ, ತನ್ನ ಮನಸ್ಸು ಬಂದರೆ ಬರುತ್ತದೆ, ಅದನ್ನು ನೋಡಲು ಬಿಟ್ಟಿದೆಯಲ್ಲ ಅದೇ ದೊಡ್ಡದು ಅನ್ನುವುದು ಅವನ ಭಾವ. ಇಷ್ಟು ಆಳವಾಗಿ ಯೋಚಿಸುವ ಹುಡುಗನನ್ನು ಅಮ್ಮ, ಅಣ್ಣ, ಹೆಡ್‌ಮಾಸ್ಟರ್ ಎಲ್ಲರೂ ‘ಯಾತಕ್ಕೂ ಬಾರದವನು’ ಅಂತ ತೀರ್ಮಾನಿಸಿ ಆಗಿರುತ್ತದೆ.

ಕೊನೆಗೆ ಆಗಿದ್ದೇನು?

ಮುಂದಿನ ಭಾಗವನ್ನು ಚಿತ್ರ ನೋಡಿಯೇ ತಿಳಿಯಬೇಕು ಅನ್ನುವವರು ಈ ಪ್ಯಾರಾ ಬಿಟ್ಟುಬಿಡಿ. ಜಡ್ ಕುದುರೆ ಜೂಜಿಗೆ ಕಟ್ಟಲು ತಮ್ಮನ ಕೈಗೆ ದುಡ್ಡು ಕೊಟ್ಟಿರುತ್ತಾನೆ. ಆ ಕುದುರೆಗಳು ಗೆಲ್ಲುವುದು ಕಷ್ಟ ಅಂತ ಯಾರೋ ಹೇಳಿದ್ದು ಕೇಳಿ ಬಿಲ್ಲಿ ಆ ದುಡ್ಡಿನಲ್ಲಿ ಮೀನು, ಆಲೂಗೆಡ್ಡೆ ಫ್ರೈ ತಿಂದುಬಿಡುತ್ತಾನೆ. ಕುದುರೆಗಳು ಗೆಲ್ಲುತ್ತವೆ! ಒಂದು ವಾರ ಗಣಿಗೆ ಹೋಗದೆ ಮನೆಯಲ್ಲಿ ಕೂರಬಹುದಾಗಿದ್ದಷ್ಟು ದುಡ್ಡು ಕೈತಪ್ಪಿದ ಸಿಟ್ಟು ಅಣ್ಣನಿಗೆ. ಸ್ಕೂಲಿಗೇ ಹುಡುಕಿಕೊಂಡು ಬರುತ್ತಾನೆ. ತಮ್ಮ ಸಿಗುವುದಿಲ್ಲ. ಮನೆಗೆ ಹೋಗಿ ಶೆಡ್ಡಿನಲ್ಲಿದ್ದ ಕೆಸ್‌ಳನ್ನು ಕೊಂದು ಕಸದ ಡಬ್ಬಿಗೆ ಎಸೆಯುತ್ತಾನೆ. ಬಿಲ್ಲಿ ಅತ್ತು, ಕಿರುಚಾಡಿ, ಅಮ್ಮನ ಮುಂದೆ ಹಿಡಿದು ತೋರಿಸುತ್ತಾನೆ. ಅಮ್ಮನಿಗೆ ಅದು ಬರೀ ಒಂದು ಹಕ್ಕಿ. ಕೊನೆಗೆ ಅವನೊಬ್ಬನೇ ಗುಂಡಿ ತೋಡಿ ಅದನ್ನು ಹೂಳುತ್ತಾನೆ. ಚಿತ್ರ ಅಲ್ಲಿಗೆ ನಿಲ್ಲುತ್ತದೆ. ನಮ್ಮ ಸಿನಿಮಾಗಳಲ್ಲಿ ಆಗುವ ಹಾಗೆ ಮೇಷ್ಟ್ರು ಓಡಿ ಬರುವುದಿಲ್ಲ, ಅಮ್ಮ ಬದಲಾಗುವುದಿಲ್ಲ.

ಮೇಷ್ಟ್ರೊಬ್ಬರು ಕಿವಿಗೊಟ್ಟಿದ್ದು ಬಿಲ್ಲಿಗೆ ಒಂದು ಮಧ್ಯಾಹ್ನದ ಸಂತೋಷ ಕೊಟ್ಟಿತು. ಆದರೆ ಅವನು ಸಂಜೆ ವಾಪಸ್ ಹೋಗಬೇಕಾಗಿದ್ದು ಅದೇ ಮನೆಗೆ ತಾನೇ? ಹೊರಗಿನವರು ಎಷ್ಟೇ ಒಳ್ಳೆಯವರಾದರೂ ಮನೆ ಕೇಳಿಸಿಕೊಳ್ಳದೇ ಇದ್ದರೆ ಮಗುವಿಗೆ ಆಸರೆ ಸಾಲದು. ಈ ಲೇಖನ ಬರೆಯಲು ಕೂತಿದ್ದೇ ಈ ಒಂದು ಮಾತಿಗೋಸ್ಕರ.

ಇದು ಕಟ್ಟುಕಥೆ ಅಲ್ಲ

ಚಿತ್ರಕ್ಕೆ ಮೂಲ, ಬ್ಯಾರಿ ಹೈನ್ಸ್ 1968ರಲ್ಲಿ ಬರೆದ ‘ಎ ಕೆಸ್ಟ್ರೆಲ್ ಫಾರ್ ಎ ನೇವ್’ ಕಾದಂಬರಿ. ಹೈನ್ಸ್ ಅದೇ ಗಣಿ ಸೀಮೆಯವರು, ಪಿ.ಟಿ. ಮೇಷ್ಟ್ರಾಗಿ ಕೆಲಸ ಮಾಡಿದವರು. ಅವರ ತಮ್ಮ ರಿಚರ್ಡ್ ನಿಜವಾಗಿಯೂ ಗಿಡುಗ ಸಾಕುತ್ತಿದ್ದರು. ಚಿತ್ರದ ಹಕ್ಕಿಗಳನ್ನು ಪಳಗಿಸಿಕೊಟ್ಟವರೂ ಅವರೇ.

ಆ ಕಾಲದ ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಹನ್ನೊಂದು ವರ್ಷಕ್ಕೆ ಒಂದು ಪರೀಕ್ಷೆ ಇರುತ್ತಿತ್ತು. ‘ಇಲೆವೆನ್ ಪ್ಲಸ್’ ಅಂತ ಹೆಸರು. ಪಾಸಾದವರು ಗ್ರಾಮರ್ ಸ್ಕೂಲಿಗೆ, ಅಲ್ಲಿಂದ ಕಾಲೇಜಿಗೆ. ಉಳಿದ ಬಹುಪಾಲು ಮಕ್ಕಳು ‘ಸೆಕೆಂಡರಿ ಮಾಡರ್ನ್’ ಶಾಲೆಗೆ, ಹದಿನೈದು ತುಂಬಿದ ಮೇಲೆ ಕೆಲಸಕ್ಕೆ. ಹೈನ್ಸ್ ಮನೆಯಲ್ಲಿ ಅಣ್ಣ ಬ್ಯಾರಿ ಗ್ರಾಮರ್ ಸ್ಕೂಲಿಗೆ ಹೋದರೆ, ತಮ್ಮ ರಿಚರ್ಡ್ ಪರೀಕ್ಷೆಯಲ್ಲಿ ಸೋತು ಮಾಡರ್ನ್ ಸ್ಕೂಲಿಗೆ ಬಿದ್ದರು. ಹನ್ನೊಂದನೇ ವಯಸ್ಸಿಗೇ ‘ನೀನು ದಡ್ಡ’ ಅಂತ ಹಣೆಗೆ ಚೀಟಿ ಅಂಟಿಸಿದ ಹಾಗೆ! ಬಿಲ್ಲಿ ಓದುತ್ತಿರುವುದು ಇಂಥದ್ದೇ ಶಾಲೆಯಲ್ಲಿ. ಮುಂದೇನು ಕೆಲಸ ಅಂತ ವಿಚಾರಿಸಲು ಬಂದ ಅಧಿಕಾರಿಗೂ ಅವನ ಗಿಡುಗದ ವಿಷಯ ಬೇಕಿಲ್ಲ. ಬಿಲ್ಲಿಗೆ ಖಚಿತವಾಗಿ ಗೊತ್ತಿರುವುದು ಒಂದೇ, ಗಣಿಗೆ ಮಾತ್ರ ಇಳಿಯಬಾರದು.

ಬಿಲ್ಲಿಯಾಗಿ ನಟಿಸಿದ ಡೇವಿಡ್ ಬ್ರಾಡ್ಲಿ ಅದೇ ಊರಿನ ಶಾಲಾ ಹುಡುಗ. ನಟನೆ ಕಲಿತು ಬಂದವನಲ್ಲ. ಫಾರ್ದಿಂಗ್ ಪಾತ್ರದ ಕಾಲಿನ್ ವೆಲ್ಯಾಂಡ್, ಸಗ್ಡನ್ ಪಾತ್ರದ ಬ್ರಿಯಾನ್ ಗ್ಲೋವರ್ ಇಬ್ಬರೂ ಮುಂಚೆ ನಿಜಜೀವನದಲ್ಲೂ ಮೇಷ್ಟ್ರುಗಳೇ! ಬ್ರಾಡ್ಲಿ ಮತ್ತು ವೆಲ್ಯಾಂಡ್ ಇಬ್ಬರಿಗೂ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಇಪ್ಪತ್ತನೇ ಶತಮಾನದ ಶ್ರೇಷ್ಠ ಬ್ರಿಟಿಷ್ ಚಿತ್ರಗಳ ಪಟ್ಟಿ ಮಾಡಿದಾಗ ‘ಕೆಸ್’ಗೆ ಏಳನೇ ಸ್ಥಾನ. ಧಾರವಾಡದ ಗಟ್ಟಿ ಮಾತು ಮೈಸೂರಿನವರಿಗೆ ಮೊದಲಿಗೆ ಕಿವಿಗೆ ಹತ್ತುವುದಿಲ್ಲವಲ್ಲ, ಹಾಗೆ ಇದರ ಯಾರ್ಕ್‌ಷೈರ್ ಇಂಗ್ಲಿಷ್ ಅಮೆರಿಕದವರಿಗೂ ಕಷ್ಟವಾಗಿ ಕೆಲವು ಮಾತುಗಳನ್ನು ಮತ್ತೆ ಡಬ್ ಮಾಡಬೇಕಾಯಿತು. ಹಾಗಾಗಿ ನೀವು ಸಬ್‌ಟೈಟಲ್ ಹಾಕಿಕೊಂಡೇ ನೋಡಿ, ಸಂಕೋಚ ಬೇಡ.

‘ತಮಾಷೆ’ ಎಲ್ಲಿಗೆ ಮುಗಿಯುತ್ತೆ, ‘ಕಾಟ’ ಎಲ್ಲಿ ಶುರುವಾಗುತ್ತೆ?

‘ಮಕ್ಕಳು ಅಂದ್ಮೇಲೆ ಜಗಳ ಇರೋದೇ’ ಅನ್ನುವುದು ನಮ್ಮಲ್ಲಿ ಸಾಮಾನ್ಯ. ನಿಜ, ಎಲ್ಲ ಜಗಳವೂ ಕಾಟ ಅಲ್ಲ. ಹಾಗಾದರೆ ಗುರುತಿಸುವುದು ಹೇಗೆ? ಶಾಲೆಗಳಲ್ಲಿ ಮಕ್ಕಳು ಮಕ್ಕಳಿಗೇ ಕೊಡುವ ಕಾಟದ ಬಗ್ಗೆ 1970ರ ದಶಕದಿಂದಲೇ ಅಧ್ಯಯನ ಮಾಡಿದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಮೂರು ಗುರುತು ಹೇಳುತ್ತಾರೆ. ಒಂದು, ಬೇಕೆಂದೇ ನೋಯಿಸುವುದು. ಎರಡು, ಅದು ಮತ್ತೆ ಮತ್ತೆ ನಡೆಯುವುದು. ಮೂರು, ಇಬ್ಬರ ಬಲ ಸಮ ಇಲ್ಲದಿರುವುದು. ಬಲ ಅಂದರೆ ಮೈಕಟ್ಟೇ ಆಗಬೇಕಿಲ್ಲ. ಒಬ್ಬನ ವಿರುದ್ಧ ಐದು ಜನ ಸೇರುವುದು, ಬಣ್ಣ, ದಪ್ಪ, ಜಾತಿ, ಇಂಗ್ಲಿಷ್ ಬಾರದಿರುವುದನ್ನು ಹಿಡಿದು ಹೀಗಳೆಯುವುದು, ವಾಟ್ಸಾಪ್ ಗ್ರೂಪಿನಿಂದ ಹೊರಗಿಡುವುದು ಎಲ್ಲವೂ ಅದೇ. 1980ರ ದಶಕದ ಆರಂಭದಲ್ಲಿ ನಾರ್ವೆಯಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡ ಮೇಲೆ ಆ ದೇಶ 1983ರಲ್ಲಿ ಎಲ್ಲ ಶಾಲೆಗಳಲ್ಲೂ ಇದರ ವಿರುದ್ಧ ಆಂದೋಲನ ನಡೆಸಿತು. ಅದರ ಹಿಂದೆ ಓಲ್ವೇಯಸ್ ಅವರ ಕೆಲಸವೂ ಇತ್ತು.

ಈ ಮೂರು ಗುರುತನ್ನು ಬಿಲ್ಲಿಯ ಮನೆಗೆ ಹೊಂದಿಸಿ ನೋಡಿ. ಅಣ್ಣ ಜಡ್ ಮಾಡುವುದು ಪಕ್ಕಾ ಹೊಂದುತ್ತದೆ! ಅಂದರೆ ಕಾಟ ಶಾಲೆಯಲ್ಲಿ ಮಾತ್ರ ಇರುತ್ತದೆ ಅಂದುಕೊಳ್ಳಬೇಡಿ. ‘ಅಣ್ಣ ಅಲ್ವಾ, ಹೊಡೆದ್ರೆ ಹೊಡೀಲಿ ಬಿಡು’, ‘ನೀನು ಚಿಕ್ಕವಳು, ಅಡ್ಜಸ್ಟ್ ಮಾಡ್ಕೋ’ ಅಂತ ನಾವು ತಳ್ಳಿಹಾಕುವ ಎಷ್ಟೋ ಜಗಳಗಳಲ್ಲಿ ದಿನಾ ಏಟು ತಿನ್ನುವ ಮಗು ಒಂದೇ ಆಗಿರುತ್ತದೆ. ನಮ್ಮ ಬೀದಿಯ ಗೆಳತಿಯೊಬ್ಬರ ಚಿಕ್ಕ ಮಗ, ಅಣ್ಣನ ಜತೆ ಒಂದೇ ರೂಮಿನಲ್ಲಿ ಮಲಗುವುದಿಲ್ಲ ಅಂತ ಹಠ ಹಿಡಿದಿದ್ದ. ಕತ್ತಲೆಗೆ ಹೆದರುತ್ತಾನೆ ಅಂತ ಅವರು ಜೀರೋ ಬಲ್ಬ್ ಹಾಕಿಸಿದರು. ದೊಡ್ಡವನು ದಿನಾ ರಾತ್ರಿ ಅವನ ಮಾರ್ಕ್ಸು ಹೇಳಿ ಹೀಯಾಳಿಸುತ್ತಿದ್ದ ಅನ್ನುವುದು ಗೊತ್ತಾಗಿದ್ದು ತಿಂಗಳುಗಳ ಮೇಲೆ, ಅದೂ ಅಜ್ಜಿಯ ಬಾಯಿಂದ. ಅಜ್ಜಿ ಮಾಡಿದ್ದು ಇಷ್ಟೇ. ರಾತ್ರಿ ಕಾಲು ಒತ್ತಿಸಿಕೊಳ್ಳುವ ನೆಪದಲ್ಲಿ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ.

ಈ ಲಕ್ಷಣಗಳು ಕಂಡರೆ ಎಚ್ಚರ

* ಚೆನ್ನಾಗಿದ್ದ ಮಗು ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆನೋವು, ತಲೆನೋವು ಅನ್ನುವುದು. ಭಾನುವಾರ ಸಂಜೆಯಿಂದಲೇ ಮಂಕಾಗುವುದು.
* ಪೆನ್ನು, ಟಿಫಿನ್ ಡಬ್ಬಿ, ದುಡ್ಡು ಪದೇ ಪದೇ ‘ಕಳೆದು’ ಹೋಗುವುದು. ಬಟ್ಟೆ ಹರಿದಿದ್ದಕ್ಕೆ ‘ಬಿದ್ದೆ’ ಅನ್ನುವುದು.
* ಮನೆಗೆ ಬಂದ ತಕ್ಷಣ ಬಾತ್‌ರೂಮಿಗೆ ಓಡುವುದು. ಸ್ಕೂಲಿನ ಶೌಚಾಲಯಕ್ಕೆ ಹೋಗಲು ಹೆದರಿಕೆ ಇರಬಹುದು.
* ವ್ಯಾನ್ ಬೇಡ ಅಪ್ಪನೇ ಬಿಡಲಿ ಅನ್ನುವುದು, ಹೋಗುವ ದಾರಿ ಬದಲಿಸುವುದು.
* ಗೆಳೆಯರ ಹೆಸರು ಹೇಳುವುದೇ ನಿಂತುಹೋಗುವುದು, ಹುಟ್ಟುಹಬ್ಬಕ್ಕೆ ಕರೆಯಲು ಯಾರೂ ಇಲ್ಲ ಅನ್ನುವುದು.
* ತನಗಿಂತ ಚಿಕ್ಕವರ ಮೇಲೆ, ಇಲ್ಲವೇ ನಾಯಿ ಬೆಕ್ಕಿನ ಮೇಲೆ ಇದ್ದಕ್ಕಿದ್ದಂತೆ ಸಿಟ್ಟು ತೀರಿಸುವುದು.

ಇದರಲ್ಲಿ ಒಂದು ಕಂಡ ಮಾತ್ರಕ್ಕೆ ಗಾಬರಿ ಬೇಡ. ಎರಡು ಮೂರು ಸೇರಿ ವಾರಗಟ್ಟಲೆ ಮುಂದುವರಿದರೆ ಸುಮ್ಮನಿರಬೇಡಿ.

ನೀವೇನು ಮಾಡಬಹುದು?

*ಮೊದಲು ಅವನ ‘ಗಿಡುಗ’ ಯಾವುದು ತಿಳಿಯಿರಿ.* ನೇರವಾಗಿ ‘ಯಾರಾದ್ರೂ ಹೊಡೆದ್ರಾ?’ ಅಂದರೆ ಮಗು ಬಾಯಿ ಬಿಡುವುದಿಲ್ಲ. ಬಿಲ್ಲಿಯ ಬಾಯಿ ತೆರೆಸಿದ್ದು ಗಿಡುಗದ ಮಾತು. ನಿಮ್ಮ ಮಗನಿಗೆ ಅದು ಕ್ರಿಕೆಟ್ ಕಾರ್ಡ್ ಇರಬಹುದು, ಇರುವೆ ಗೂಡು ಇರಬಹುದು, ಹಳೇ ರೇಡಿಯೋ ಬಿಚ್ಚುವುದಿರಬಹುದು. ‘ಇದರಿಂದ ಮಾರ್ಕ್ಸ್ ಬರುತ್ತಾ?’ ಅನ್ನದೆ ಹತ್ತು ನಿಮಿಷ ಕೇಳಿ. ಸೊಪ್ಪು ಬಿಡಿಸುತ್ತಾ, ಬಟ್ಟೆ ಮಡಿಸುತ್ತಾ ಕೇಳಿದರೂ ಸರಿ. ಎದುರುಬದುರು ಕೂತು ವಿಚಾರಣೆ ಮಾಡುವುದಕ್ಕಿಂತ ಪಕ್ಕದಲ್ಲಿ ಕೂತಾಗಲೇ ಮಕ್ಕಳು ಹೆಚ್ಚು ಮಾತಾಡುತ್ತಾರೆ.

*ಹೇಳಿದಾಗ ಮಧ್ಯೆ ಬಾಯಿ ಹಾಕಬೇಡಿ.* ‘ನೀನೇ ಏನೋ ಮಾಡಿರ್ತೀಯ’, ‘ಗಂಡಸಾಗಿ ಅಳ್ತೀಯಾ?’, ‘ನೀನೂ ಎರಡು ಬಾರಿಸಿ ಬಾ’ ಈ ಮೂರು ಮಾತು ಬೇಡವೇ ಬೇಡ. ಮೊದಲನೆಯದು ತಪ್ಪನ್ನು ಅವನ ಮೇಲೆ ಹೊರಿಸುತ್ತದೆ, ಎರಡನೆಯದು ಬಾಯಿ ಮುಚ್ಚಿಸುತ್ತದೆ, ಮೂರನೆಯದು ಇನ್ನಷ್ಟು ಏಟಿಗೆ ದಾರಿ. ‘ಹೇಳಿದ್ದು ಒಳ್ಳೇದಾಯ್ತು ಕಂದ, ಇದು ನಿನ್ನ ತಪ್ಪಲ್ಲ, ನಾನಿದ್ದೀನಿ’ ಅಷ್ಟು ಸಾಕು.

*ಬರೆದಿಡಿ.* ಯಾವ ದಿನ, ಎಲ್ಲಿ, ಯಾರು, ಏನಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಫೋನಿನಲ್ಲಿ ಬಂದಿದ್ದರೆ ಅಳಿಸಬೇಡಿ. ಸ್ಕೂಲಿನಲ್ಲಿ ಮಾತಾಡುವಾಗ ‘ಎಲ್ಲರೂ ಕಾಟ ಕೊಡ್ತಾರೆ’ ಅನ್ನುವುದಕ್ಕಿಂತ ದಿನಾಂಕ ಸಮೇತ ಹೇಳಿದರೆ ತೂಕ ಹೆಚ್ಚು.

*ಕಾಟ ಕೊಟ್ಟ ಮಗುವಿನ ಮನೆಗೆ ನುಗ್ಗಬೇಡಿ.* ಅಮ್ಮಂದಿರ ಜಗಳ ಬೀದಿಗೆ ಬಂದರೆ ನರಳುವುದು ಮಕ್ಕಳೇ. ಮೊದಲು ಕ್ಲಾಸ್ ಟೀಚರ್, ಆಮೇಲೆ ಮುಖ್ಯೋಪಾಧ್ಯಾಯರು, ಲಿಖಿತವಾಗಿ. ಶಾಲೆಗಳಲ್ಲಿ ಮಕ್ಕಳ ಕಾಟ ತಡೆಯಲು ಏನು ಮಾಡಬೇಕು ಅಂತ ಸಿಬಿಎಸ್‌ಇ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಿಮ್ಮ ಮಗುವಿನದು ಸಿಬಿಎಸ್‌ಇ ಶಾಲೆಯಾದರೆ ಅದನ್ನು ನೆನಪಿಸಿ.

*ಹೊಡೆಯುವವರು ಮೇಷ್ಟ್ರೇ ಆದರೆ?* ಬಿಲ್ಲಿಯ ಕಾಲದಲ್ಲಿ ಬೆತ್ತ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಬ್ರಿಟನ್ ಸರ್ಕಾರಿ ಶಾಲೆಗಳಲ್ಲಿ ಅದನ್ನು ನಿಷೇಧಿಸುವ ಕಾನೂನು ಮಾಡಿದ್ದೇ 1986ರಲ್ಲಿ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್, ಮಗುವನ್ನು ಹೊಡೆಯುವುದಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ‘ಮೇಷ್ಟ್ರು ಹೊಡೆದರೆ ವಿದ್ಯೆ ಹತ್ತುತ್ತೆ’ ಅನ್ನುವ ಹಳೇ ಮಾತನ್ನು ಬಿಟ್ಟು ಕೇಳುವ ಹಕ್ಕು ನಿಮಗಿದೆ.

*ಕಾಟ ಕೊಡುತ್ತಿರುವುದು ನಿಮ್ಮ ಮಗನೇ ಆಗಿದ್ದರೆ?* ಇದನ್ನು ಒಪ್ಪಿಕೊಳ್ಳುವುದು ಯಾವ ತಾಯಿಗೂ ಸುಲಭ ಅಲ್ಲ. ಆದರೆ ಜಡ್‌ನನ್ನು ನೆನೆಸಿಕೊಳ್ಳಿ. ಅವನನ್ನೂ ಯಾರೂ ಯಾವತ್ತೂ ಕೂರಿಸಿ ಮಾತಾಡಿಸಿದ್ದು ಚಿತ್ರದಲ್ಲಿ ಕಾಣುವುದಿಲ್ಲ. ಹೊಡೆದು ತಿದ್ದಲು ಹೋದರೆ ‘ಬಲ ಇದ್ದವನು ಹೊಡೀಬಹುದು’ ಅಂತಲೇ ಅವನು ಕಲಿಯುತ್ತಾನೆ. ತಪ್ಪು ತಪ್ಪೇ ಅಂತ ಸ್ಪಷ್ಟವಾಗಿ ಹೇಳಿ, ಕಿತ್ತುಕೊಂಡಿದ್ದನ್ನು ವಾಪಸ್ ಕೊಡಿಸಿ, ಜತೆಗೆ ಅವನ ಸಿಟ್ಟು ಎಲ್ಲಿಂದ ಬರುತ್ತಿದೆ ಅಂತಲೂ ಕೇಳಿ.

*ಕೈಮೀರುತ್ತಿದೆ ಅನ್ನಿಸಿದರೆ* ಮಕ್ಕಳ ಸಹಾಯವಾಣಿ 1098ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಮಗುವೂ ಮಾಡಬಹುದು. ಆ ನಂಬರನ್ನು ಮಗುವಿಗೆ ಬಾಯಿಪಾಠ ಮಾಡಿಸಿ. ಮನಸ್ಸಿಗೆ ಸಂಬಂಧಪಟ್ಟ ಸಲಹೆಗೆ ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಇದೆ, ನಂಬರ್ 14416. ಕನ್ನಡದಲ್ಲೂ ಮಾತಾಡಬಹುದು. ಮಗು ‘ನಾನು ಇರೋದೇ ಬೇಡ’ ಅನ್ನುವಂಥ ಮಾತಾಡಿದರೆ ತಮಾಷೆ ಅಂದುಕೊಳ್ಳಬೇಡಿ, ಒಂಟಿಯಾಗಿ ಬಿಡದೆ ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಮಕ್ಕಳಿಗೆ ತೋರಿಸಬಹುದಾ?

ಮೊದಲು ನೀವು, ನಿಮ್ಮವರು ಕೂತು ನೋಡಿ. ಒಂದೂಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚು, ಅಷ್ಟೇ. ಕೆಲವು ಒರಟು ಮಾತುಗಳಿವೆ, ಸ್ನಾನದ ಮನೆಯ ದೃಶ್ಯವಿದೆ, ಕೊನೆಗೆ ಸತ್ತ ಹಕ್ಕಿಯನ್ನು ತೋರಿಸುತ್ತಾರೆ. ಪುಟ್ಟ ಮಕ್ಕಳಿಗೆ ಬೇಡ. ಹೈಸ್ಕೂಲಿನ ಮಕ್ಕಳಾದರೆ ಜತೆಗೆ ಕೂತು ನೋಡಿ. ಮುಗಿದ ಮೇಲೆ ‘ಇದರಿಂದ ಏನು ಕಲಿತೆ?’ ಅಂತ ಪಾಠ ಒಪ್ಪಿಸಲು ಹೇಳಬೇಡಿ. ‘ನಿಂಗೆ ಯಾರ ಮೇಲೆ ಜಾಸ್ತಿ ಸಿಟ್ಟು ಬಂತು?’ ಅಂತ ಕೇಳಿ ನೋಡಿ. ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಅವನ ಕ್ಲಾಸಿಗೇ ಬಂದು ನಿಂತರೂ ಆಶ್ಚರ್ಯವಿಲ್ಲ.

ಇಂಗ್ಲಿಷ್ ಬೇಡ ಅನ್ನುವವರಿಗೆ ನಮ್ಮ ದೇಶದ್ದೇ ಚಿತ್ರಗಳಿವೆ. ಓದಲು ತೊಡಕುಪಡುವ ಇಶಾನ್‌ನ ಕಥೆ ‘ತಾರೇ ಜಮೀನ್ ಪರ್’ (2007), ಡಬ್ಬಿ ತರಲಾಗದ ಹುಡುಗನನ್ನು ಮೇಷ್ಟ್ರೇ ಪೀಡಿಸುವ ‘ಸ್ಟಾನ್ಲಿ ಕಾ ಡಬ್ಬಾ’ (2011) ಎರಡೂ ಹಿಂದಿಯವು. ಜಾತಿಯ ಹೆಸರಲ್ಲಿ ಗೇಲಿಗೊಳಗಾಗುವ ಹುಡುಗನ ಕಥೆ ‘ಫಂಡ್ರಿ’ (2013) ಮರಾಠಿಯದು.

ಬಿಲ್ಲಿಯ ಅಮ್ಮನಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಅವಳಿಗೆ ಪುರುಸೊತ್ತಿರಲಿಲ್ಲ, ಆಸರೆ ಇರಲಿಲ್ಲ, ಅವಳ ಮಾತನ್ನೂ ಯಾರೂ ಕೇಳಿಸಿಕೊಂಡಿರಲಿಲ್ಲ. ನಮಗೆ ಅಷ್ಟು ಕಷ್ಟವಿಲ್ಲ. ಮನೆಯಲ್ಲಿ ಅಜ್ಜಿಯೋ, ಅತ್ತೆಯೋ, ಗಂಡನೋ, ಪಕ್ಕದ ಮನೆಯ ಗೆಳತಿಯೋ ಯಾರಾದರೊಬ್ಬರು ಇದ್ದಾರೆ. ಗ್ಯಾಸ್ ಸಣ್ಣ ಮಾಡಿಟ್ಟು ಹತ್ತು ನಿಮಿಷ ಮಗನ ಪಕ್ಕದಲ್ಲಿ ಕೂರಲು ನಮ್ಮಿಂದ ಆಗುತ್ತದೆ. ಅವನು ಹೇಳಹೊರಟಿದ್ದು ಒಂದು ಇರುವೆಯ ಕಥೆಯೇ ಆಗಿದ್ದರೂ, ಪೂರ್ತಿ ಕೇಳಿ. ನಾಳೆ ಹೇಳಬೇಕಾದ ದೊಡ್ಡ ವಿಷಯವನ್ನು ಅವನು ಆಗ ನಿಮ್ಮ ಹತ್ತಿರವೇ ತರುತ್ತಾನೆ.